ಬಾಲ ಬಂದ ಕೃತ್ತಿಕೆ

ನಮ್ಮ ಗುಳೇದಗುಡ್ಡದಲ್ಲಿ ಈಗ ನೀರಿನ ಟಾಕಿ ಇಲ್ಲದ ಮಾಳಿಗೆ ಸಿಕ್ಕೀತು, ಗಡಿಗೆ ಇಲ್ಲದ ಮಾಳಿಗೆ ಸಿಗಲಿಕ್ಕಿಲ್ಲ. ಗಡಿಗೆ ಎಂದರೆ ನೀರು ತುಂಬುವ ಗಡಿಗೆಯಲ್ಲ, ಜಾಣ ಟೆಲಿಸ್ಕೋಪು. ಮಾಡಿದವರು ಅದಕ್ಕೆ ಏನೋ ಚಂದದ ಹೆಸರು ಇಟ್ಟು ಕಳಿಸಿದ್ದರು. ಅದರ ದುಂಡು ಹೊಟ್ಟೆ, ಕಿರಿದಾದ ಬಾಯಿ ನೋಡಿದ ಊರು ಗಡಿಗೆ ಅಂದಿತು, ಅದೇ ನಿಂತಿತು. ಹೊತ್ತು ಮುಳುಗಿದ ಮೇಲೆ ಅದು ತಾನಾಗಿಯೇ ಬಾಯಿ ತೆರೆಯುತ್ತದೆ, ತಾನಾಗಿಯೇ ಆಕಾಶದ ಗುರುತು ಹಿಡಿಯುತ್ತದೆ. ಮನೆಯವರು ಕೆಳಗೆ ಕೂತು ಮೊಬೈಲಿನಲ್ಲಿ 'ಕೃತ್ತಿಕೆ' ಅಂದರೆ ಸಾಕು, ರೊಟ್ಟಿ ಊಟ ಮುಗಿಯುವುದರೊಳಗೆ ಕೃತ್ತಿಕೆಯ ಚಿತ್ರ ಬಂದಿರುತ್ತದೆ. ನೀಲಿ ಮಂಜು ಸುತ್ತಿಕೊಂಡ ಚಿಕ್ಕಿಗಳು, ಒಂದೊಂದೂ ಸಾಸಿವೆ ಕಾಳಿನಷ್ಟು ದುಂಡಗೆ.

ಇದರ ಒಳಗುಟ್ಟು ಹೆಚ್ಚೇನಿಲ್ಲ. ಗಡಿಗೆ ಒಂದು ದೊಡ್ಡ ಚಿತ್ರ ತೆಗೆಯುವುದಿಲ್ಲ. ಕಣ್ಣು ಮಿಟುಕಿಸಿದಂತೆ ಸಾವಿರಾರು ಸಣ್ಣ ಚಿತ್ರ ತೆಗೆದು ಒಂದರ ಮೇಲೊಂದು ಪೇರಿಸುತ್ತದೆ. ಹನಿ ಹನಿಗೂಡಿದರೆ ಹಳ್ಳ. ಆದರೆ ಮಾಳಿಗೆ ಎಂದೂ ಸುಮ್ಮನೆ ನಿಂತಿರುವುದಿಲ್ಲ. ಬೀದಿಯಲ್ಲಿ ಲಾರಿ ಹೋಗುತ್ತದೆ, ಯಾರೋ ಬಾಗಿಲು ಬಡಿಯುತ್ತಾರೆ, ಪಕ್ಕದ ಮನೆಯಲ್ಲಿ ಖಾರ ಕುಟ್ಟುತ್ತಾರೆ. ಅಷ್ಟಕ್ಕೇ ಆಕಾಶದ ಚಿಕ್ಕಿ ಅಲುಗಿದಂತೆ ಕಾಣುತ್ತದೆ. ಗಡಿಗೆ ಆ ಅಲುಗಾಟವನ್ನು ಕ್ಷಣಕ್ಕೆ ಹತ್ತಾರು ಸಲ ಅಳೆದು ಬಾಗಲಕೋಟೆಯ ಕೇಂದ್ರಕ್ಕೆ ಕಳಿಸುತ್ತದೆ. ಅಲ್ಲಿ ಚಿತ್ರ ಎರಡಾಗಿ ಸೀಳುತ್ತದೆ. ಆಕಾಶದ ಪಾಲು ಮನೆಗೆ ವಾಪಸು ಬರುತ್ತದೆ. ಭೂಮಿಯ ಪಾಲು, ಅಂದರೆ ನಡುಕ, ಕಸಕ್ಕೆ ಹೋಗುತ್ತದೆ.

ಆ ಕೇಂದ್ರದಲ್ಲಿ ನಾನು ಕೆಲಸ ಮಾಡುತ್ತೇನೆ. ನನ್ನ ಹೆಸರು ಶಕುಂತಲಾ. ಬಾಗಿಲ ಫಲಕದ ಮೇಲೆ ನಮ್ಮ ವಿಭಾಗಕ್ಕೆ 'ಸ್ಥಿರೀಕರಣ' ಎಂದು ಬರೆದಿದ್ದಾರೆ. ಒಳಗೆ ಕೂತ ನಾವು ಅದನ್ನು ಕಸದ ಕೋಣೆ ಅನ್ನುತ್ತೇವೆ.

ಊರಿನಲ್ಲಿ ಆಕಾಶದ ಹುಚ್ಚಿನವರು ಎರಡು ಪಂಗಡ. ಹಳೆಯ ಟೆಲಿಸ್ಕೋಪಿನವರು ಗಡಿಗೆಯ ಚಿತ್ರವನ್ನು ಖಾನಾವಳಿ ಊಟ ಅನ್ನುತ್ತಾರೆ. ರುಚಿ ಇದೆ, ಯಾರು ಮಾಡಿದ್ದು ಗೊತ್ತಿಲ್ಲ. ಗಡಿಗೆಯವರು ನಗುತ್ತಾರೆ. ಇಬ್ಬನಿಯಲ್ಲಿ ನಿಂತು ಕತ್ತು ಉಳುಕಿಸಿಕೊಳ್ಳುವುದೇ ಭಕ್ತಿಯಾದರೆ ನಮಗೆ ಆ ಮೋಕ್ಷ ಬೇಡ ಅನ್ನುತ್ತಾರೆ. ನಾನು ಎರಡೂ ಮನೆಯ ನೆಂಟಳು. ಅಪ್ಪ ತನ್ನ ಕೈಯಿಂದಲೇ ಕನ್ನಡಿ ತಿಕ್ಕಿ ಟೆಲಿಸ್ಕೋಪು ಮಾಡಿದವನು, ನಾನು ಗಡಿಗೆಯ ಅನ್ನ ತಿನ್ನುವವಳು. ನಮ್ಮವ್ವ ಸಾತವ್ವ ಮಾತ್ರ ಯಾವ ಪಂಗಡಕ್ಕೂ ಸೇರಿದವಳಲ್ಲ. ಗಡಿಗೆಯನ್ನು ಮಾಳಿಗೆಗೆ ಏರಿಸಿದ ದಿನ ಅವಳು ಅಂದಿದ್ದು ಇಷ್ಟೇ.

"ಒಲಿ ಹಚ್ಚೂ ಹಂಗಿಲ್ಲ, ಕುದಸೂ ಹಂಗಿಲ್ಲ, ಅಡಗಿ ತಯಾರ! ಇಂಥಾದ್ದೊಂದು ನನಗ ಒಲಿ ಮ್ಯಾಲ ಇಡಾಕ ಬೇಕಿತ್ತು ನೋಡು, ಆಕಾಶದಾಗ ಇಟ್ಟಾರ."

ಅವ್ವನಿಗೆ ಕಂಪವಾತ. ನಾನೂರು ಜ್ಯೋತಿರ್ವರ್ಷ ದೂರದ ಚಿಕ್ಕಿಯನ್ನು ಅಲುಗದಂತೆ ನಿಲ್ಲಿಸುವ ವಿದ್ಯೆ ನನಗೆ ಗೊತ್ತು, ಎದುರಿಗೆ ಕೂತ ಅವ್ವನ ಕೈ ನಿಲ್ಲಿಸುವುದು ಗೊತ್ತಿಲ್ಲ. ಚಹಾದ ಬಟ್ಟಲು ಅವಳ ಕೈಯಲ್ಲಿ ತಾಳ ಹಾಕುತ್ತದೆ. ಅದನ್ನಾದರೂ ಅವಳು ನಗೆಯಾಡಿ ಸಹಿಸಿಕೊಂಡಿದ್ದಳು. ಸಹಿಸಲಾಗದ್ದು ಕಾಲು. ಹೊರಸಿನಿಂದ ಎದ್ದು ನಿಲ್ಲುತ್ತಾಳೆ, ನಡೆಯಬೇಕು ಅಂದುಕೊಳ್ಳುತ್ತಾಳೆ, ಕಾಲು ನೆಲಕ್ಕೆ ಅಂಟಿಬಿಡುತ್ತವೆ. ಶಕ್ತಿ ಇಲ್ಲದ್ದಕ್ಕಲ್ಲ. ಮೊದಲ ಹೆಜ್ಜೆ ಯಾವುದು ಎಂಬುದೇ ಕಾಲಿಗೆ ಮರೆತುಹೋಗಿರುತ್ತದೆ. ಹಾಗೆ ನಿಂತಾಗ ಅವಳ ಮುಖ ನೋಡುವುದು ನನ್ನಿಂದ ಆಗುತ್ತಿರಲಿಲ್ಲ.

ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ದಿನಾಲು ನಡೆಯದಿದ್ದರೆ ಕಾಲು ಪೂರ್ತಿ ಮರೆಯುತ್ತವೆ, ಆಮೇಲೆ ಹೊರಸಿನಿಂದ ಗಾಲಿಕುರ್ಚಿ, ಗಾಲಿಕುರ್ಚಿಯಿಂದ ಹೊರಸು, ಅಷ್ಟೇ ಅಂದರು. ವ್ಯಾಯಾಮ ಮಾಡಿಸಲು ಬರುವ ಹುಡುಗಿ ಒಂದು ಉಪಾಯ ಹೇಳಿದಳು. ಇಂಥವರಿಗೆ ಲಯ ಕೇಳಿಸಬೇಕು, ಲಯ ಹಿಡಿದು ಕಾಲು ತಾನಾಗಿ ಏಳುತ್ತದೆ ಎಂದು ಮೊಬೈಲಿನಲ್ಲಿ ಟಿಕ್ ಟಿಕ್ ಹಚ್ಚಿಕೊಟ್ಟಳು. ಅವ್ವ ಒಂದು ವಾರ ಅದರ ಎದುರು ನಿಂತಳು. ಕಾಲು ಏಳಲಿಲ್ಲ.

"ಇದು ಗಡಿಯಾರಾತವಾ. ಗಡಿಯಾರದ ಕೂಡ ಯಾರರ ಹೆಜ್ಜಿ ಹಾಕತಾರೇನು?" ಅಂದಳು. "ನನ್ನ ಮಗ್ಗದ ಸಪ್ಪಳ ಇದ್ದಿದ್ದರ ನೋಡು, ಕುಣದ ತೋರಸ್ತಿದ್ದೆ."

ಅವ್ವ ಕುಪ್ಪಸದ ಖಣ ನೇಯುತ್ತಿದ್ದವಳು. ಪಡಸಾಲೆಯ ಆ ತುದಿಯಲ್ಲಿ ಅವಳ ಕುಣಿಮಗ್ಗ ಇತ್ತು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು, ಪಾದದಿಂದ ತುಳಿದು, ಕೈಯಿಂದ ಲಾಳಿ ಓಡಿಸಿ, ಎಳೆಯನ್ನು ಒತ್ತಿ ಕೂಡಿಸುವ ಹಣಗಿ ಎಳೆದು ಪೆಟ್ಟು ಹಾಕಬೇಕು. ಆಗ ನಮ್ಮ ಓಣಿಯವರು ಬೀದಿಯಲ್ಲಿ ನಿಂತು, ಒಳಗೆ ಮಗ್ಗಕ್ಕೆ ಇಳಿದವರು ಯಾರು ಎಂದು ಪೆಟ್ಟಿನ ಮೇಲೇ ಹೇಳುತ್ತಿದ್ದರು. ಅವ್ವನ ಕೈ ನಡುಗತೊಡಗಿದ ವರ್ಷ ಮಗ್ಗ ಮಾರಿ, ಕುಣಿ ತುಂಬಿಸಿ, ಮೇಲೆ ಕಲ್ಲು ಹಾಸಿದೆವು. ಅವಳ ಮಗ್ಗದ ಸಪ್ಪಳವನ್ನು ಯಾರೂ ಎಲ್ಲೂ ಹಿಡಿದಿಟ್ಟಿರಲಿಲ್ಲ. ಮನೆ ತುಂಬ ಇರುವ ಸಪ್ಪಳವನ್ನು ಯಾರು ಹಿಡಿದಿಡುತ್ತಾರೆ? ನಾನು ಹಿಂದಿನ ಓಣಿಗೆ ಹೋಗಿ ಒಬ್ಬರ ಮಗ್ಗದ ಸಪ್ಪಳ ತುಂಬಿಕೊಂಡು ಬಂದೆ. ಅವ್ವ ಕಣ್ಣು ಮುಚ್ಚಿ ಕೇಳಿ, ತಲೆ ಅಲ್ಲಾಡಿಸಿದಳು.

"ಛೊಲೊ ಕೈ ಐತಿ. ಆದರ ಇದು ಮಂದಿ ಮಗ್ಗ."

ಮಗ್ಗಕ್ಕೂ ಟೆಲಿಸ್ಕೋಪಿಗೂ ನಮ್ಮ ಮನೆಯಲ್ಲಿ ಹಳೆಯ ವೈರ. ಅಪ್ಪ ಮಲ್ಲೇಶಪ್ಪನದು ಬಜಾರಿನಲ್ಲಿ ಫೋಟೋ ಸ್ಟುಡಿಯೊ. ಹಗಲು ಮದುಮಕ್ಕಳ ಫೋಟೋ, ರಾತ್ರಿ ಮಾಳಿಗೆಯ ಮೇಲೆ ಚಿಕ್ಕಿಗಳದು. ಆಗಿನ ಕೆಲಸ ಈಗಿನವರಿಗೆ ಹೇಳಿದರೆ ನಂಬುವುದಿಲ್ಲ. ಆಕಾಶ ತಿರುಗುತ್ತಲೇ ಇರುತ್ತದೆ, ಫಿಲ್ಮಿನ ಮೇಲೆ ಬೆಳಕು ಬೀಳಲು ಬಹಳ ಹೊತ್ತು ಬೇಕು. ಅಷ್ಟು ಹೊತ್ತೂ ಟೆಲಿಸ್ಕೋಪನ್ನು ಚಿಕ್ಕಿಯ ಜೊತೆಜೊತೆಗೆ ಕೈಯಿಂದಲೇ ತಿರುಗಿಸಬೇಕು. ಅಪ್ಪ ಪಕ್ಕದ ಸಣ್ಣ ದುರ್ಬೀನಿಗೆ ಅವ್ವನ ರೇಷ್ಮೆ ಎಳೆ ಎರಡನ್ನು ಅಡ್ಡ ಉದ್ದ ಕಟ್ಟಿಕೊಂಡಿದ್ದ. ಎಳೆಗಳು ಕೂಡುವಲ್ಲಿ ಒಂದು ಚಿಕ್ಕಿಯನ್ನು ನಿಲ್ಲಿಸಿ, ಅದು ಕದಲದಂತೆ ತಿರುಪು ತಿರುಗಿಸುತ್ತ ನಿಲ್ಲುತ್ತಿದ್ದ. ಕಣ್ಣು ತೆಗೆದರೆ ಕೆಟ್ಟಿತು. ಸೊಳ್ಳೆ ಕಚ್ಚಿದರೂ ತೆಗೆಯುವಂತಿಲ್ಲ, ಹೆಂಡತಿ ಕರೆದರೂ ತೆಗೆಯುವಂತಿಲ್ಲ.

ಕೆಳಗೆ ಮಗ್ಗ ಆಡಿದರೆ ಗೋಡೆ ನಡುಗುತ್ತಿತ್ತು, ಗೋಡೆಯ ಮೇಲೆ ಕಟ್ಟಿದ ಕಟ್ಟೆ ನಡುಗುತ್ತಿತ್ತು, ಕಟ್ಟೆಯ ಮೇಲಿನ ಟೆಲಿಸ್ಕೋಪು ನಡುಗುತ್ತಿತ್ತು. ಚಿಕ್ಕಿ ಹರಡಿಕೊಂಡಿತು ಅಂದರೆ ಅಪ್ಪ ಮಗ್ಗವನ್ನು ಬಯ್ಯುತ್ತಿದ್ದ. ಅವ್ವ ಬಿಡುತ್ತಿದ್ದಳೇ? "ಕುಣೀಲಾರದಾಕಿ ನೆಲಾ ಡೊಂಕು ಅಂದಳಂತ" ಎಂದು ಕೆಳಗಿನಿಂದಲೇ ಕೂಗುತ್ತಿದ್ದಳು. ಕಡೆಗೆ ಇಬ್ಬರೂ ತಿಂಗಳನ್ನು ಪಾಲು ಮಾಡಿಕೊಂಡರು. ಬೆಳದಿಂಗಳಿರುವ ಪಕ್ಷದ ರಾತ್ರಿಗಳು ಅವ್ವನ ಮಗ್ಗಕ್ಕೆ, ಕತ್ತಲೆಯ ಪಕ್ಷದ ರಾತ್ರಿಗಳು ಅಪ್ಪನ ಚಿಕ್ಕಿಗೆ. ಹೊಲ ಪಾಲು ಮಾಡಿದವರನ್ನು ಕಂಡಿದ್ದೇನೆ, ಚಂದ್ರನನ್ನು ಪಾಲು ಮಾಡಿಕೊಂಡವರು ಇವರಿಬ್ಬರೇ.

ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಅವ್ವ ಅವನನ್ನು ನೆನೆಯುವಾಗ ಪ್ರೀತಿಯಿಂದಲೇ ನೆನೆಯುತ್ತಾಳೆ, ಆದರೆ ಕೊನೆಗೆ ಒಂದು ಮುಳ್ಳು ಇದ್ದೇ ಇರುತ್ತಿತ್ತು. "ನಿಮ್ಮಪ್ಪಗ ಮ್ಯಾಲಿಂದು ಕಂಡಷ್ಟು ಕೆಳಗಿಂದು ಕಾಣತಿರಲಿಲ್ಲವಾ."

ಕಸದ ಕೋಣೆಯಲ್ಲಿ ನನ್ನ ಜೊತೆ ಇರುವವನು ಇಮ್ತಿಯಾಜ. ಕಂಪನಗಳ ಲೆಕ್ಕದಲ್ಲಿ ಪಳಗಿದವನು, ಮಾತಿನಲ್ಲಿ ನಿಧಾನ. ಒಂದು ಸಂಜೆ ಗಡಿಗೆಗಳು ಬಾಯಿ ತೆರೆಯುವ ಹೊತ್ತಿಗೆ ಅವನು ಕಸವನ್ನು ಅಳಿಸುವ ಮೊದಲು ಪರದೆಯ ಮೇಲೆ ಹರಿಯಬಿಟ್ಟಿದ್ದ. ಒಂದೊಂದು ಮನೆಗೆ ಒಂದೊಂದು ಗೆರೆ. ಗುಳೇದಗುಡ್ಡದ ಗೆರೆಗಳನ್ನು ನೋಡುತ್ತ ನಾನು ಹಾಗೇ ಕೂತುಬಿಟ್ಟೆ.

ಒಂದು ಗೆರೆಯಲ್ಲಿ ಯಾರೋ ತೊಟ್ಟಿಲು ತೂಗುತ್ತಿದ್ದರು. ನಿಧಾನವಾಗಿ ಏರಿ, ನಿಧಾನವಾಗಿ ಇಳಿದು, ಮಗುವಿಗೆ ನಿದ್ದೆ ಹತ್ತಿತೇನೋ, ಏರಿಳಿತ ಸಣ್ಣದಾಗುತ್ತ ಹೋಗಿ ನಿಂತಿತು. ಇನ್ನೊಂದರಲ್ಲಿ ರೊಟ್ಟಿ ಬಡಿಯುವ ಸಪ್ಪಳ. ಹೌದು, ರೊಟ್ಟಿ ಬಡಿದರೂ ಚಿಕ್ಕಿ ಅಲುಗುತ್ತದೆ. ಮತ್ತೊಂದರಲ್ಲಿ ಮಕ್ಕಳು ಮಾಳಿಗೆಯ ಮೇಲೆ ಕುಂಟಾಟ ಆಡುತ್ತಿದ್ದರು. ಇಡೀ ಊರು ತನಗೆ ಗೊತ್ತಿಲ್ಲದೆ ಆಕಾಶದ ಮೇಲೆ ಬರೆಯುತ್ತಿತ್ತು, ನಾವಿಬ್ಬರು ಇಲ್ಲಿ ಕೂತು ಅದನ್ನು ಒರೆಸುತ್ತಿದ್ದೆವು. ನನಗೆ ಒಂದು ಕ್ಷಣ ಎಚ್ಚರವೋ ಕನಸೋ ತಿಳಿಯದಾಯಿತು. ಗುಬ್ಬಿ ಕೂತರೂ ಕೃತ್ತಿಕೆ ನಡುಗುವ ಲೋಕದಲ್ಲಿ ನಾನು ಇಷ್ಟು ವರ್ಷ ಸುಮ್ಮನೆ ಓಡಾಡಿಕೊಂಡಿದ್ದೆನಲ್ಲ ಅನ್ನಿಸಿ ಮೈ ಹಗುರಾಯಿತು.

"ಇಮ್ತಿಯಾಜ," ಅಂದೆ, "ಹಳೇ ಫೋಟೋದಾಗಿಂದ ಕಸಾ ತಗೀಬಹುದೇನು? ಫಿಲ್ಮಿನ ಕಾಲದ್ದು?"

"ತಗೀಬಹುದ್ರಿ ಅಕ್ಕಾರ. ಆದರ ಆಗ ನಮ್ಮ ಗಡಿಗಿ ಇರಲಿಲ್ಲಲ್ರಿ, ಕ್ಷಣಕ್ಕ ಹತ್ತು ಸಲ ಅಳಿಯಾಕ. ಎಲ್ಲಾ ನಡುಕ ಒಂದ ಚುಕ್ಕಿ ಮ್ಯಾಲ ಬಿದ್ದಿರತೈತಿ."

ಅವನು ಹೇಳಿದ್ದು ಸರಿ. ಒಂದೇ ಜಾಗದಲ್ಲಿ ಅಕ್ಷರದ ಮೇಲೆ ಅಕ್ಷರ ಬರೆದರೆ ಕಡೆಗೆ ಉಳಿಯುವುದು ಮಸಿಯ ಬೊಟ್ಟು. ಓದಬೇಕಾದರೆ ಬರೆಯುತ್ತಿರುವಾಗ ಹಾಳೆ ಸರಿಯುತ್ತಿರಬೇಕು. ಆದರೂ ನಾನು ಅಪ್ಪನ ಫಿಲ್ಮುಗಳ ಡಬ್ಬಿಯನ್ನು ಹೊತ್ತುಕೊಂಡು ಹೋದೆ. ಅವ್ವನ ಮಗ್ಗ ಒಂದಾದರೂ ಚಿತ್ರದಲ್ಲಿ ನುಸುಳಿರಬೇಕು, ಇಷ್ಟು ವರ್ಷದ ಜಗಳ ಸುಳ್ಳಾಗಿರಲಾರದು ಎಂಬ ಆಸೆ. ಅದನ್ನು ಕೇಳಿಸಿದರೆ ಅವ್ವನ ಕಾಲು ಏಳಬಹುದು. ಏಳದಿದ್ದರೆ ನನಗೆ ಬೇರೆ ದಾರಿ ಗೊತ್ತಿರಲಿಲ್ಲ.

ಅಪ್ಪನ ಒಳ್ಳೆಯ ಚಿತ್ರಗಳೆಲ್ಲ ಮೂಕವಾಗಿದ್ದವು. ಎಂಥ ಕೈ ಅವನದು! ಒಂದೊಂದು ಚಿಕ್ಕಿಯೂ ದುಂಡು ಬೊಟ್ಟು, ಗಡಿಗೆಯ ಚಿತ್ರಕ್ಕೆ ಸರಿಸಾಟಿ. ಅವನು ಅಷ್ಟು ಚೆನ್ನಾಗಿ ಹಿಡಿದು ನಿಂತಿದ್ದರಿಂದಲೇ ಅವುಗಳಲ್ಲಿ ಓದಲು ಏನೂ ಇರಲಿಲ್ಲ. ಮೇಲಾಗಿ ಅವೆಲ್ಲ ಕತ್ತಲೆಯ ಪಕ್ಷದವು, ಮಗ್ಗ ನಿಂತಿದ್ದ ರಾತ್ರಿಗಳು. ಇಮ್ತಿಯಾಜ ಒಂದೊಂದನ್ನೇ ನೋಡಿ ಪಕ್ಕಕ್ಕಿಡುತ್ತ ಹೋದ.

ಡಬ್ಬಿಯ ತಳದಲ್ಲಿ ಕೆಟ್ಟುಹೋದ ಒಂದು ಕೃತ್ತಿಕೆ ಇತ್ತು. ಅದು ನನಗೆ ಗೊತ್ತಿದ್ದದ್ದೇ. ಪ್ರತಿ ಚಿಕ್ಕಿಗೂ ಒಂದೊಂದು ಬಾಲ. ಮೊದಲು ದುಂಡನೆಯ ಬೊಟ್ಟು, ಆಮೇಲೆ ಬೊಟ್ಟಿನಿಂದ ಹೊರಟು ಚಿತ್ರದ ಅಂಚಿನತನಕ ಓಡಿದ ಗೆರೆ. ಚಿಕ್ಕವಳಿದ್ದಾಗ ಇದೇನು ಅಂತ ಕೇಳಿದ್ದಕ್ಕೆ ಅಪ್ಪ ನಕ್ಕು, "ಕಣ್ಣ ಹತ್ತಿತ್ತವಾ, ಚಿಕ್ಕಿ ಓಡಿ ಹೋದವು" ಅಂದಿದ್ದ. ನಿದ್ದೆಗೆಟ್ಟು ಹೆಸರು ಮಾಡಿದವನು ನಿದ್ದೆ ಮಾಡಿದ್ದಕ್ಕೆ ಇದೊಂದೇ ಸಾಕ್ಷಿ ಎಂದು ಮನೆಯಲ್ಲಿ ತಮಾಷೆ ಮಾಡುತ್ತಿದ್ದೆವು. ಇಂಥ ಚಿತ್ರವನ್ನು ಗಡಿಗೆಯಾದರೆ ಹುಟ್ಟುವ ಮೊದಲೇ ಅಳಿಸಿಹಾಕುತ್ತಿತ್ತು. ಅಪ್ಪ ಯಾಕೆ ಎಸೆಯಲಿಲ್ಲವೋ ಗೊತ್ತಿಲ್ಲ.

ಇಮ್ತಿಯಾಜ ಅದನ್ನು ಬೆಳಕಿಗೆ ಹಿಡಿದು ಒಂದು ಬಾಲದ ಗುಂಟ ಬೆರಳು ಓಡಿಸಿದ.

"ಅಕ್ಕಾರ, ಹಾಳಿ ಸರದೈತ್ರಿ."

ಅಷ್ಟೇ ಅಂದ. ನನಗೂ ಆಗಲೇ ಹೊಳೆದಿತ್ತು. ಅಪ್ಪ ತಿರುಪು ಬಿಟ್ಟ ಕ್ಷಣದಿಂದ ಚಿಕ್ಕಿಗಳು ಫಿಲ್ಮಿನ ಮೇಲೆ ಸಾಗತೊಡಗಿವೆ. ಸಾಗುತ್ತ ಸಾಗುತ್ತ ಮನೆಯ ನಡುಕವನ್ನೆಲ್ಲ ಗೆರೆಯಾಗಿ ಬರೆದಿವೆ. ಕಣ್ಣಿಗೆ ಆ ಗೆರೆ ನೆಟ್ಟಗೆ ಕಾಣುತ್ತದೆ. ಸಾವಿರ ಪಟ್ಟು ಹಿಗ್ಗಿಸಿದರೆ ಗರಗಸದ ಹಲ್ಲಿನಂತೆ ಅಲುಗಾಟ. ಒಂದು ಚಿಕ್ಕಿಯ ಗೆರೆಯಲ್ಲಿ ಫಿಲ್ಮಿನ ಮೇಲಿನ ಒರಟು ಕಣ ಅಡ್ಡ ಬಂದು ಅಸ್ಪಷ್ಟವಾದರೆ ಅದರ ನೆರೆಯ ಚಿಕ್ಕಿ ಅದೇ ಮಾತನ್ನು ಸ್ಪಷ್ಟವಾಗಿ ಹೇಳುತ್ತಿತ್ತು. ಕೃತ್ತಿಕೆಯ ಅಕ್ಕತಂಗಿಯರೆಲ್ಲ ಒಂದೇ ಸಾಕ್ಷಿ ನುಡಿಯುತ್ತಿದ್ದರು. ನಮ್ಮ ಕೇಂದ್ರದ ಯಂತ್ರ ಅವನ್ನೆಲ್ಲ ಪೇರಿಸಿ, ಆಕಾಶವನ್ನು ಒಂದು ಕಡೆ, ಭೂಮಿಯನ್ನು ಒಂದು ಕಡೆ ಮಾಡಿತು. ಈ ಸಲ ನಾವು ಆಕಾಶವನ್ನು ಕಸಕ್ಕೆ ಹಾಕಿ ಭೂಮಿಯನ್ನು ಉಳಿಸಿಕೊಂಡೆವು.

ಮಾತು, ಹಾಡು ಅದರಲ್ಲಿ ಸಿಕ್ಕುವಂತಿರಲಿಲ್ಲ. ಅಷ್ಟು ಸೂಕ್ಷ್ಮವನ್ನು ಆ ಫಿಲ್ಮು ಹಿಡಿಯುವುದಿಲ್ಲ. ಆದರೆ ಪೆಟ್ಟು ಸಿಕ್ಕಿತು. ಟಕ್. ಟಕ್. ಮಗ್ಗದ ಪೆಟ್ಟೇ, ಅನುಮಾನವೇ ಇಲ್ಲ. ನಾನು ಕುರ್ಚಿಯಿಂದ ಎದ್ದುಬಿಟ್ಟೆ.

"ಅಕ್ಕಾರ, ಕತ್ತಲಿ ಪಕ್ಷದಾಗ ಮಗ್ಗ ನಿಂತಿರತಿತ್ತು ಅಂದಿದ್ರಿ?"

"ಏನರ ಅವಸರದ ಕೆಲಸ ಇದ್ದಿರಬೇಕೋ. ಅಪ್ಪ ಮ್ಯಾಲ ನಿದ್ದಿ ಹೋಗ್ಯಾನ, ಅವ್ವ ಕೆಳಗ ನೇಯಾಕ ಕುಂತಾಳ." ನನಗೆ ಹೆಚ್ಚು ಯೋಚಿಸುವ ತಾಳ್ಮೆ ಇರಲಿಲ್ಲ. ಮೊದಲಿಗೆ ಒಂದಷ್ಟು ಒರಟು ಹೊಡೆತಗಳಿದ್ದವು, ಗಾಳಿಯದೋ ಏನೋ. ಅವನ್ನು ಕತ್ತರಿಸಿಬಿಡು ಅಂದೆ.

"ಇರಲಿ ಬಿಡ್ರಿ. ಕಸದಾಗಿಂದ ತಗದದ್ದರಾಗ ಮತ್ತ ಕಸಾ ಆರಸೂದು ಬ್ಯಾಡ," ಅಂದ ಇಮ್ತಿಯಾಜ. ಅವನು ಹಾಗೇ ಬಿಟ್ಟದ್ದು ನನ್ನ ಪುಣ್ಯ.

ಮರುದಿನ ರಜೆ ಹಾಕಿದೆ. ಇಮ್ತಿಯಾಜ ಕೊಟ್ಟ ಪೆಟ್ಟಿಗೆ ಸಪ್ಪಳಕ್ಕಿಂತ ಹೆಚ್ಚಾಗಿ ನಡುಕ ಕೊಡುವಂಥದ್ದು. ಅದನ್ನು ಪಡಸಾಲೆಯ ಆ ತುದಿಗೆ, ಹಳೆಯ ಕುಣಿಯ ಹಾಸುಗಲ್ಲಿಗೆ ತಾಗಿಸಿ ಇಟ್ಟೆ. ಊಟವಾಗಿತ್ತು. ಬಾಗಿಲಿನಿಂದ ಬಿಸಿಲು ಒಳಗೆ ಬಂದು ಮಲಗಿತ್ತು. ಅವ್ವ ಈ ತುದಿಯ ಹೊರಸಿನ ಮೇಲೆ ಕೂತು, ಬರಿಗಾಲು ನೆಲಕ್ಕೆ ಊರಿ ನನ್ನನ್ನೇ ನೋಡುತ್ತಿದ್ದಳು.

"ಏನ ಮಾಡಾಕತ್ತಿ ಶಕ್ಕು, ಗಡಿಯಾರ ಬ್ಯಾಡ ಅಂದಿಲ್ಲೇನು ನಾನು?"

"ಗಡಿಯಾರಲ್ಲವಾ. ನಿನ್ನ ಮಗ್ಗ ತಂದೀನಿ."

ಅವ್ವ ನಕ್ಕಳು. ನಾನು ಪೆಟ್ಟಿಗೆಯ ಗುಂಡಿ ಒತ್ತಿದೆ.

ಮೊದಲು ಏನೂ ಇಲ್ಲ. ಆಮೇಲೆ ಧಡ್, ಧಡ್, ಧಡ್ ಎಂದು ನಾನು ಗಾಳಿ ಅಂದುಕೊಂಡಿದ್ದ ಹೊಡೆತಗಳು ಕಲ್ಲಿನೊಳಗಿಂದ ಬಂದವು. ಅವ್ವ ತಟ್ಟನೆ ತಲೆ ಎತ್ತಿ ಮಾಳಿಗೆಯ ಮೆಟ್ಟಿಲ ಕಡೆ ನೋಡಿದಳು.

"ಯಾರವಾ ಇಳಿಯಾಕತ್ತಾರ?"

ಹೌದಲ್ಲ! ಇಳಿಯುವ ಹೆಜ್ಜೆಗಳು. ಬೊಟ್ಟು ಮುಗಿದು ಬಾಲ ಶುರುವಾದದ್ದು ಇಲ್ಲೇ. ನಿದ್ದೆ ಹೋದವನು ಮೆಟ್ಟಿಲು ಇಳಿಯುವುದಿಲ್ಲ. ಹೆಜ್ಜೆ ನಿಂತವು. ಸ್ವಲ್ಪ ಹೊತ್ತು ಸುಮ್ಮನಾಯಿತು. ಆಮೇಲೆ ಮಗ್ಗ ಶುರುವಾಯಿತು.

ಟಕ್. ಟಕ್ ಟಕ್. ಟಕ್. ಟಕ್ ಟಕ್.

ನಾನು ಅವ್ವನ ಕಾಲನ್ನೇ ನೋಡುತ್ತಿದ್ದೆ. ಅವು ಅಲುಗಲಿಲ್ಲ. ಮುಖ ನೋಡಿದೆ. ಅವ್ವನ ಹುಬ್ಬು ಗಂಟಿಕ್ಕಿತ್ತು.

"ಇದು ನನ್ನ ಕೈ ಅಲ್ಲ," ಅಂದಳು.

ಎಲ್ಲ ಮುಗಿಯಿತು ಅನ್ನಿಸಿತು ನನಗೆ. ಇಷ್ಟೆಲ್ಲ ಮಾಡಿ ಇದೂ ಮಂದಿ ಮಗ್ಗವೇ ಆಯಿತೇ? ಪೆಟ್ಟಿಗೆ ನಿಲ್ಲಿಸಲು ಕೈ ಚಾಚಿದೆ.

"ಬಿಡು, ನಿಲ್ಲಸಬ್ಯಾಡ!" ಅವ್ವ ಗದರಿದಳು. ಅವಳ ಪಾದಗಳು ನೆಲಕ್ಕೆ ಇನ್ನಷ್ಟು ಒತ್ತಿ ಕೂತಿದ್ದವು. "ಒಂದು ಎಳಿ ಬಿಟ್ಟು ಒಂದಕ್ಕ ಎರಡು ಪೆಟ್ಟು. ಹಾಕಿದ್ದು ಕುಂತಿಲ್ಲೇನೋ ಅಂತ ಮತ್ತೊಂದು. ನಂಬಿಕಿ ಇಲ್ಲದವರ ಕೈ ಇದು. ಅಯ್ಯ ನನ ಶಿವನ! ಇವರು ನಿಮ್ಮಪ್ಪ!"

"ಅಪ್ಪ? ಅಪ್ಪಗ ನೇಯಾಕ ಬರತಿತ್ತೇನು?"

"ಸಣ್ಣವರಿದ್ದಾಗ ಕಲತು ಬಿಟ್ಟಿದ್ರು. ಮಗ್ಗಾ ಮುಟ್ಟಬ್ಯಾಡ್ರಿ, ಬಟ್ಟಿ ಹಲಿಗಿ ಹಂಗ ಬಿರಸ ಆಗತೈತಿ ಅಂತ ನಾನ ಆಣಿ ಹಾಕಿದ್ದೆ." ಅವ್ವನ ಕಣ್ಣು ಎಲ್ಲೋ ನೆಟ್ಟಿದ್ದವು, ಮಾತು ಓಡುತ್ತಿತ್ತು. "ನೀ ಹೊಟ್ಟಿಯಾಗ ಇದ್ದಿ. ದೀಪಾವಳಿ ಅಮಾಸಿ ಮುಂದ. ಮೈ ಸುಡೂ ಜ್ವರ ನನಗ. ಮುಂಜಾನೆ ಸಾವಕಾರ್ರಿಗೆ ಖಣ ಕೊಡಬೇಕಿತ್ತು, ಇನ್ನೂ ಮೊಳ ಉಳಿದಿತ್ತು. ಅಳಕೋತ ಮಲಗಿದ್ದೆ. ಎದ್ದು ನೋಡತೀನಿ, ಖಣ ಮುಗದು ಸುತ್ತಿ ಇಟ್ಟೈತಿ! ಯಾರು ನೇದ್ರು ಅಂದ್ರ, ಬಾಜೂ ಮನಿ ನೀಲವ್ವ ಬಂದಿದ್ಲು, ಆಕಿಗೆ ಹೇಳಬ್ಯಾಡ, ಸಂಕೋಚ ಮಾಡಕೋತಾಳ ಅಂದ್ರು. ಆ ನೀಲವ್ವಗ ನಾ ವರ್ಷಾ ದೀಪಾವಳಿಗೆ ಎಷ್ಟು ಹೋಳಿಗಿ ತಿನಿಸೀನಿ ಗೊತ್ತೇನು? ಬಾಯಿ ಬಿಡಲಾರದ ತಿಂದ್ಲಲ್ಲವಾ ಆಕಿ!"

ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ತಿಳಿಯಲಿಲ್ಲ. ನಾನಂತೂ ಅಳುತ್ತಿದ್ದೆ. ಸೊಳ್ಳೆ ಕಚ್ಚಿದರೂ ಕಣ್ಣು ತೆಗೆಯದವನು ಅವತ್ತು ಕೃತ್ತಿಕೆಯನ್ನು ನಡುದಾರಿಯಲ್ಲಿ ಬಿಟ್ಟು ಕೆಳಗಿಳಿದಿದ್ದ. ಟೆಲಿಸ್ಕೋಪಿನ ಮುಚ್ಚಳ ಮುಚ್ಚುವುದನ್ನೂ ಮರೆತಿದ್ದ. ಆ ಅವಸರವೆಲ್ಲ ಚಿಕ್ಕಿಗಳಿಗೆ ಬಾಲವಾಗಿ ಬಂದಿತ್ತು.

ಟಕ್. ಟಕ್ ಟಕ್. ಟಕ್. ಟಕ್ ಟಕ್ ಟಕ್.

"ಏನ್ರೀ!" ಅವ್ವ ಕೂಗಿದಳು. "ಮೂರು ಮೂರು ಯಾಕ ಹೊಡಿಯಾಕತ್ತೀರಿ, ಎಳಿ ಹರಿತೈತಿ! ಏಳ್ರಿ ಅಲ್ಲಿಂದ, ನಾ ಬಂದೆ!"

ಅವಳು ಎದ್ದಳು. ಎದ್ದವಳು ನಿಲ್ಲಲಿಲ್ಲ. ಬಲಗಾಲು ಒಂಟಿ ಪೆಟ್ಟಿನ ಮೇಲೆ ಎದ್ದಿತು, ಎಡಗಾಲು ಜೋಡಿ ಪೆಟ್ಟಿನ ಮೇಲೆ. ಕೈ ನಡುಗುತ್ತಲೇ ಇತ್ತು, ಸೆರಗು ನೆಲಕ್ಕೆ ಜಾರಿತ್ತು. ಕಾಲು ಮಾತ್ರ ಯಾರದೋ ಕೈ ಹಿಡಿದಂತೆ ಮುಂದೆ ಮುಂದೆ ಬರುತ್ತಿದ್ದವು. ಬಿದ್ದಾಳೆಂದು ನಾನು ಪೆಟ್ಟಿಗೆಯನ್ನು ಬಿಟ್ಟು ಅವಳ ಪಕ್ಕಕ್ಕೆ ಬಂದು ಗೋಡೆಗುಂಟ ಸರಿದೆ. ಬಿಸಿಲಿನ ಪಟ್ಟಿ ದಾಟಿ, ನಡುಮನೆಯ ಬಾಗಿಲ ಮುಂದಿನಿಂದ ಹಾದು, ಅವ್ವ ಹಳೆಯ ಕುಣಿಯ ಕಡೆ ಬಯ್ಯುತ್ತ ಬಯ್ಯುತ್ತ ನಡೆದಳು. ಆ ಮೂರು ಪೆಟ್ಟಿನ ಎಡವಟ್ಟು ಬಂದಾಗಲೆಲ್ಲ ಅವಳು ಅರೆಗಳಿಗೆ ತಡೆದು, ನಾಲಿಗೆ ಕಚ್ಚಿ, ಮತ್ತೆ ಹೆಜ್ಜೆ ಹಾಕುತ್ತಿದ್ದಳು.

ಆಗ ಸಪ್ಪಳ ನಿಂತಿತು.

ಪೆಟ್ಟಿಗೆ ಕೆಟ್ಟಿರಲಿಲ್ಲ. ಚಿಕ್ಕಿಗಳು ಫಿಲ್ಮಿನ ಅಂಚಿಗೆ ಬಂದು ಆಚೆ ಹೋಗಿದ್ದವು. ಅಪ್ಪ ಅವತ್ತು ಆಮೇಲೆಯೂ ಬಹಳ ಹೊತ್ತು ನೇಯ್ದಿರಬೇಕು, ಮೊಳ ಮುಗಿಯುವತನಕ. ಬರೆದುಕೊಳ್ಳಲು ಫಿಲ್ಮಿನ ಮೇಲೆ ಚಿಕ್ಕಿ ಇರಲಿಲ್ಲ ಅಷ್ಟೇ.

ಅವ್ವ ಪಡಸಾಲೆಯ ನಡುವೆ ನಿಂತಳು. ಎತ್ತಿದ ಹಿಮ್ಮಡಿ ಎತ್ತಿದಂತೆಯೇ ಇತ್ತು. ಮುಖದ ಬೆಳಕು ಇಳಿಯತೊಡಗಿತು, ಮೈ ವಾಲಿತು, ಕಾಲಿಗೆ ಮುಂದಿನದು ಮರೆಯುತ್ತಿರುವುದು ನನಗೆ ಕಂಡಿತು. ಮತ್ತೆ ಮೊದಲಿನಿಂದ ಹಚ್ಚಲು ಪೆಟ್ಟಿಗೆ ದೂರ ಇತ್ತು. ನಾನು ಯೋಚಿಸಲಿಲ್ಲ. ಪಕ್ಕದ ಕಂಬಕ್ಕೆ ಅಂಗೈಯಿಂದ ಹೊಡೆದೆ.

ಟಕ್. ಟಕ್ ಟಕ್. ಟಕ್. ಟಕ್ ಟಕ್.

ಅವ್ವ ಕತ್ತು ಹೊರಳಿಸಿ ನನ್ನನ್ನು ನೋಡಿದಳು.

"ಹಂಗಲ್ಲ," ಅಂದಳು. "ಎರಡನೇದು ಜರಾ ಹಗರ ಹೊಡಿತಿದ್ರು ಅವರು."

ನಾನು ಎರಡನೆಯದನ್ನು ಹಗುರ ಮಾಡಿದೆ. ಅವ್ವ ಎತ್ತಿದ ಕಾಲನ್ನು ಮುಂದೆ ಇಟ್ಟಳು, ಆಮೇಲೆ ಇನ್ನೊಂದನ್ನು.